ಬಿಲ್ಲೆ ತಿರುಗಿಸಿದ ಕೈ

ಟ್ರೀನಾ ಬಳಿ ಗಾಡಿ ಇರಲಿಲ್ಲ.

ಮೊಂಟಾನಾದ ಲಾರ್ಚ್ ಗ್ಯಾಪ್ ಊರಿನಲ್ಲಿ ಗಾಡಿ ಇಲ್ಲದವರು ಮೂರೇ ಜನ. ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡ ಬಡಗಿ, ತೊಂಬತ್ತು ದಾಟಿದ ಒಬ್ಬ ಮುದುಕಿ, ಮತ್ತು ಟ್ರೀನಾ. ಅಕ್ಟೋಬರ್ ಕೊನೆಯಲ್ಲಿ ನದಿಯ ತಿರುವಿನಲ್ಲಿ ಅವಳಿಗೆ ಒಂದು ಎಲ್ಕ್ ಅಡ್ಡ ಬಂದಿತ್ತು. ಕುದುರೆ ಗಾತ್ರದ ಕಾಡುಜಿಂಕೆ. ಗಾಡಿಯ ಮೂತಿ ಒಳಗೆ ಹೋಯಿತು. ಎಲ್ಕ್ ಸತ್ತಿತು. ಅವಳಿಗೆ ಒಂದು ಗೀರೂ ಆಗಲಿಲ್ಲ.

ರಸ್ತೆ ಬದಿಯಲ್ಲಿ ನಿಂತು ಅವಳು ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿಕೊಂಡಳು. ಎಂದಿನಷ್ಟೇ ಇತ್ತು.

'ಭಯಾನೂ ಆಗಲ್ವಾ ನಂಗೆ...' ಎಂದುಕೊಂಡಳು.

ಆಗಲಿಲ್ಲ. ಮೂರು ವರ್ಷದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ ನವೆಂಬರ್‌ನ ಆ ಶನಿವಾರ ಬೆಳಿಗ್ಗೆ ಅವಳು ಅಂಚೆ ಕಚೇರಿಯ ಮುಂದೆ ಹೆಬ್ಬೆರಳು ಚಾಚಿ ನಿಂತಿದ್ದಳು. ಸ್ಕೀ ಬೆಟ್ಟ ಊರಿಂದ ಒಂಬತ್ತು ಮೈಲಿ ಮೇಲೆ. ಬೆಟ್ಟದ ಬುಡದ ಅಂಗಡಿಯಲ್ಲಿ ಸ್ಕೀಗಳಿಗೆ ಮೇಣ ಹಚ್ಚುವುದು, ಅಂಚು ಸಾಣೆ ಹಿಡಿಯುವುದು ಅವಳ ಚಳಿಗಾಲದ ಕೆಲಸ. ಬೇಸಿಗೆಯಲ್ಲಿ ಪ್ರವಾಸಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ನದಿಯ ಸೆಳವಿನಲ್ಲಿ ಹುಟ್ಟು ಹಾಕುತ್ತಾಳೆ. ಅವರು ಕಿರುಚುತ್ತಾರೆ. ಇವಳು ಕಿರುಚುವುದಿಲ್ಲ.

ಹತ್ತು ನಿಮಿಷದ ಮೇಲೆ ಒಂದು ಟ್ರಕ್ಕು ಬಂದು ನಿಂತಿತು. ನೆವಾಡಾ ನಂಬರು. ಕಿಟಕಿ ಇಳಿಯಿತು.

ಒಳಗೆ ವೇಡ್ ಪೆಲ್ಟಿಯರ್ ಕೂತಿದ್ದ.

ಗಡ್ಡ ತೆಗೆಸಿದ್ದ. ಕೆನ್ನೆ ಒಳಗೆ ಹೋಗಿತ್ತು. ಮೂರು ಚಳಿಗಾಲದ ಹಿಂದೆ, ನವೆಂಬರ್‌ನಿಂದ ಜನವರಿಯವರೆಗೆ, ಈ ಮನುಷ್ಯನನ್ನು ಕಂಡರೆ ಅವಳ ಕೈಯಲ್ಲಿದ್ದ ಉಪಕರಣ ಕೆಳಗೆ ಬೀಳುತ್ತಿತ್ತು. ಹರಿತವಾಗಿಯೇ ಇದ್ದ ಸ್ಕೀಗಳನ್ನು ವಾರಕ್ಕೆರಡು ಸಲ ಸಾಣೆ ಹಿಡಿಸಲು ತರುತ್ತಿದ್ದ. ಅವಳೂ ಹಿಡಿದುಕೊಡುತ್ತಿದ್ದಳು. ಆ ವರ್ಷ ಅವನ ಸ್ಕೀಗಳ ಅಂಚೇ ಸವೆದುಹೋಯಿತು.

"ಹತ್ತು," ಅಂದ.

"ಬೇಡ. ಬೇರೆ ಗಾಡಿ ಬರುತ್ತೆ."

"ಈ ಹೊತ್ತಲ್ಲಿ ಇನ್ನು ಬರೋದು ಹಿಮ ತಳ್ಳೋ ಗಾಡಿ ಒಂದೇ. ಅದರಲ್ಲಿ ಕೂರಕ್ಕೆ ಜಾಗ ಇಲ್ಲ."

ಅದು ನಿಜ. ಕಾಲ ಬೆರಳು ಸೆಟೆದಿದ್ದವು. ಅವಳು ಹತ್ತಿದಳು.

ಐದು ಮೈಲಿ ದಾಟಿದ ಮೇಲೆ ಅವನು ಅವಳ ಅಮ್ಮನ ಆರೋಗ್ಯ ಕೇಳಿದ, ಅವಳು ಪರವಾಗಿಲ್ಲ ಅಂದಳು. ಅಂಗಡಿಯಲ್ಲೇ ಇದ್ದೀಯಾ ಅಂತ ಕೇಳಿದ, ಹೂಂ ಅಂದಳು. ಹಲ್ಲು ಕೀಳಿಸಿಕೊಂಡವರು ಮರಗಟ್ಟಿದ ದವಡೆಯನ್ನು ನಾಲಿಗೆಯಿಂದ ಒತ್ತಿ ನೋಡುವ ಹಾಗೆ ಅವಳು ತನ್ನ ಒಳಗನ್ನು ಒತ್ತಿ ನೋಡಿದಳು. ಏನೂ ಇರಲಿಲ್ಲ. ಹೀಟರಿನ ಬಿಸಿ, ಟ್ರಕ್ಕಿನ ಸದ್ದು. ಅಷ್ಟೇ.

"ಯಾಕೆ ಬಂದೆ?"

"ಬರ್ಡಿ ಕರೆದ್ರು. ಅವರ ಬೆಟ್ಟದ ಗಸ್ತಿಗೆ ಇಬ್ಬರು ಕಮ್ಮಿ ಇದಾರಂತೆ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮಧ್ಯಾಹ್ನ ಎಲ್ಲರ ಮುಂದೆ ನಿಂತು ಆವತ್ತಿಂದು ಹೇಳ್ಬೇಕು. ಆಮೇಲೆ ಕೈ ಎತ್ತಿಸ್ತಾರೆ. ನಿನ್ನ ಕೈಯನ್ನೂ ಕೇಳ್ತಾರೆ, ಆಂಡರ್ಸ್ ನಿನ್ನ ಅಣ್ಣ ಅಲ್ವಾ. ನೀನು ಎತ್ತಲಿಲ್ಲ ಅಂದ್ರೆ ಸಾಯಂಕಾಲವೇ ವಾಪಸ್ ಹೋಗ್ತೀನಿ. ಬೇಜಾರಿಲ್ಲ. ಮೊದಲೇ ಗೊತ್ತಿರಲಿ ಅಂತ ಹೇಳ್ದೆ."

ಟ್ರೀನಾ ಕಿಟಕಿಯ ಕಡೆ ತಿರುಗಿದಳು.

'ಮಾಡಿದ ಉಪಕಾರ ನೆನಪಿಸಕ್ಕೆ ಬಂದಿದ್ದಾನೆ,' ಎಂದುಕೊಂಡಳು.

*

ಆವತ್ತು ನಡೆದದ್ದು ಇಷ್ಟು.

ಬೆಟ್ಟದ ಗಸ್ತಿನವರ ಕೋಣೆಯಲ್ಲಿ ಒಂದು ಹಲಗೆ ಇದೆ. ಅದರಲ್ಲಿ ಹನ್ನೆರಡು ಮೊಳೆ, ಹನ್ನೆರಡು ಹಿತ್ತಾಳೆ ಬಿಲ್ಲೆ. ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು. ಒಂದು ಮುಖಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಬಿಳಿ. ಬೆಟ್ಟಕ್ಕೆ ಹೋಗುವಾಗ ಕೆಂಪು ಮಾಡಬೇಕು, ಒಳಗೆ ಬಂದ ಮೇಲೆ ಬಿಳಿ ಮಾಡಬೇಕು. ಸಂಜೆ ನಾಲ್ಕಕ್ಕೆ, ತಂತಿಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಜನರನ್ನು ಮೇಲಕ್ಕೊಯ್ಯುವ ಲಿಫ್ಟ್ ನಿಂತ ಮೇಲೆ, ಗಸ್ತಿನವರು ಒಂದೊಂದು ಇಳಿಜಾರಿನಲ್ಲಿ ಕೊನೆಯ ಸುತ್ತು ಇಳಿದು, ಯಾರೂ ಹಿಂದೆ ಉಳಿದಿಲ್ಲ ಎಂದು ನೋಡಿಕೊಂಡು ಬರುತ್ತಾರೆ. ಹನ್ನೆರಡೂ ಬಿಳಿಯಾಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಇನ್ನೊಬ್ಬರ ಬಿಲ್ಲೆಯನ್ನು ಯಾರೂ ಮುಟ್ಟುವಂತಿಲ್ಲ. ಗಸ್ತಿಗೆ ಇರುವ ನಿಯಮ ಮುಖ್ಯವಾಗಿ ಈ ಎರಡೇ.

ಬಿಲ್ಲೆ ತಿರುಗಿಸಲು ಮರೆತವರಿಗೆ ದಂಡವಿತ್ತು. ಮರುದಿನ ಎಲ್ಲರಿಗೂ ಹಕಲ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ ಮಾಡಿಕೊಂಡು ಬರಬೇಕು. ಆಂಡರ್ಸ್ ಮೂರು ದಿನಕ್ಕೊಮ್ಮೆ ಮರೆಯುತ್ತಿದ್ದ. ಪೈ ಮಾಡಬೇಕಾಗಿದ್ದದ್ದು ಅವನಲ್ಲ, ಟ್ರೀನಾ. ಅವನಿಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಹಾಗಾಗಿ ಆ ವರ್ಷ ಅವಳು ಅಂಗಡಿ ಮುಚ್ಚಿ ಕಾಫಿ ಕುಡಿಯಲು ಗಸ್ತಿನ ಕೋಣೆಗೆ ಹೋದಾಗ, ಅಣ್ಣನ ಬಿಲ್ಲೆ ಕೆಂಪಾಗಿದ್ದರೆ ತಾನೇ ಬಿಳಿ ಮಾಡಿಬಿಡುತ್ತಿದ್ದಳು. ಹೋಗುತ್ತಾ ಹೋಗುತ್ತಾ ಒಂದು ಬೆರಳಲ್ಲಿ. ಯಾರೂ ನೋಡುತ್ತಿರಲಿಲ್ಲ.

ಜನವರಿಯ ಆ ಸಂಜೆ ಹಿಮಗಾಳಿ ಏಳುತ್ತಿತ್ತು. ಹೊರಗಿನ ಚರಣಿಗೆಯಲ್ಲಿ ಹಳದಿ ಸ್ಕೀ ಒರಗಿಸಿದ್ದನ್ನು ಅವಳು ನೋಡಿದಳು. ಅಣ್ಣ ಬಂದಿದ್ದಾನೆ ಎಂದುಕೊಂಡಳು. ಒಳಗೆ ಹೋಗಿ ಬಿಲ್ಲೆ ತಿರುಗಿಸಿದಳು. ತಿರುಗಿಸುವಾಗ ಕೋಣೆಯ ಆ ತುದಿಯಿಂದ ವೇಡ್ ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಅವಳೂ ನಕ್ಕಳು.

ಹಳದಿ ಸ್ಕೀ ಆಂಡರ್ಸ್‌ನದಲ್ಲ, ಗಸ್ತಿನ ಇನ್ನೊಬ್ಬ, ಲೈಲ್‌ನದು. ಇಬ್ಬರದೂ ಒಂದೇ ಬಣ್ಣ.

ಆಂಡರ್ಸ್ ಮೇಲಿನ ಕಾಡಂಚಿನಲ್ಲಿ ಮೋಟುಮರಕ್ಕೆ ಬಡಿದು, ತೊಡೆಮೂಳೆ ಮುರಿದುಕೊಂಡು ಬಿದ್ದಿದ್ದ. ರೇಡಿಯೋ ಕೈಯಿಂದ ಹಾರಿ ಇಳಿಜಾರಿನ ಕೆಳಗೆ ಹೋಗಿತ್ತು. ಹಲಗೆ ಬಿಳಿಯಾಗಿತ್ತು. ಎಲ್ಲರೂ ಮನೆಗೆ ಹೋದರು. ಊಟಕ್ಕೆ ಬರಲಿಲ್ಲ ಎಂದು ಹುಡುಕಲು ಹೊರಟಾಗ ತಡವಾಗಿತ್ತು. ಎಂಟು ಗಂಟೆಯವರೆಗೂ ಜೀವ ಇದ್ದಿರಬೇಕು ಎಂದು ಡಾಕ್ಟರು ಬರೆದರು. ಯಾರೂ ಕೇಳಿರಲಿಲ್ಲ. ಆದರೂ ಬರೆದರು.

ಮರುದಿನ ಬೆಟ್ಟದ ಮಾಲೀಕರು ಎಲ್ಲರನ್ನೂ ಸೇರಿಸಿ, ಆ ಬಿಲ್ಲೆಯನ್ನು ತಿರುಗಿಸಿದವರು ಯಾರು ಎಂದು ಕೇಳಿದರು. ಟ್ರೀನಾ ಬಾಗಿಲ ಹತ್ತಿರ ನಿಂತಿದ್ದಳು. ಹೇಳಬೇಕೆಂದು ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ವೇಡ್, "ನಾನೇ," ಅಂದ. ಆ ದಿನ ಹಲಗೆ ಕಾಯುವ ಪಾಳಿ ಅವನದಾಗಿತ್ತು.

ಅವಳ ಬಾಯಿ ಮುಚ್ಚಿತು. ಆಮೇಲೆ ತೆರೆಯಲಿಲ್ಲ.

ಅವನು ತನ್ನನ್ನು ಉಳಿಸಲು ಸುಳ್ಳು ಹೇಳಿದ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅವನು ನೋಡಿದ್ದ, ನಕ್ಕಿದ್ದ. ವೇಡ್‌ನ ಕೆಲಸ ಹೋಯಿತು. ಬಾರಿನಲ್ಲಿ ಅವನ ಪಕ್ಕದ ಸ್ಟೂಲುಗಳು ಖಾಲಿ ಉಳಿಯತೊಡಗಿದವು. ಅವನು ನೆವಾಡಾಕ್ಕೆ ಹೋಗಿ ಚಿನ್ನದ ಗಣಿಯಲ್ಲಿ ಲಾರಿ ಓಡಿಸಿದ. ಅಲ್ಲಿಂದ ಫೋನು ಮಾಡಿದ, ಅವಳು ಎತ್ತಲಿಲ್ಲ. ಎತ್ತಿದರೆ ಥ್ಯಾಂಕ್ಸ್ ಹೇಳಬೇಕಾಗುತ್ತದೆ. ಇತ್ತ ಊರಿನ ಹೆಂಗಸರು ಮೂರು ತಿಂಗಳು ಅವಳಿಗೆ ಅಡುಗೆ ತಂದುಕೊಟ್ಟರು, ತಬ್ಬಿಕೊಂಡರು, ಪಾಪ ಅಂದರು. ಪ್ರತಿ ಪಾಪಕ್ಕೂ ಅವಳು ಒಂದೊಂದು ಪದರ ಗಟ್ಟಿಯಾದಳು. ಕೊನೆಗೆ ಒಳಗೆ ಯಾವುದೂ ಹೋಗದಂತಾಯಿತು, ಯಾವುದೂ ಹೊರಗೆ ಬರದಂತಾಯಿತು.

ವೇಡ್ ಮೇಲೆ ಅವಳಿಗೆ ಉಳಿದಿದ್ದದ್ದು ದ್ವೇಷವೂ ಅಲ್ಲ. ಕೇಳದೆ ಕೊಟ್ಟ ಭಾರದ ಉಡುಗೊರೆಯನ್ನು ಇಡಲು ಜಾಗವಿಲ್ಲದವಳ ಕಿರಿಕಿರಿ.

*

ಪ್ರತಿ ವರ್ಷ ಬೆಟ್ಟ ತೆರೆಯುವ ಮುಂಚಿನ ಶನಿವಾರ ಲಿಫ್ಟ್‌ನಿಂದ ಜನರನ್ನು ಇಳಿಸುವ ಅಭ್ಯಾಸ ನಡೆಯುತ್ತದೆ. ಊರಿನ ಮೂವತ್ತು ನಲವತ್ತು ಜನ ಪ್ರಯಾಣಿಕರಾಗಿ ಕುರ್ಚಿಗಳಲ್ಲಿ ಕೂರುತ್ತಾರೆ. ಲಿಫ್ಟನ್ನು ನಡುವೆ ನಿಲ್ಲಿಸುತ್ತಾರೆ. ಗಸ್ತಿನವರು ಕೆಳಗಿನಿಂದ ತಂತಿಯ ಮೇಲೆ ಹಗ್ಗ ಎಸೆದು ಒಬ್ಬೊಬ್ಬರನ್ನೇ ಇಳಿಸುತ್ತಾರೆ. ಕೂತವರಿಗೆ ಒಂದು ಊಟ.

ಪಟ್ಟಿ ಹಿಡಿದು ನಿಂತವಳು ಬರ್ಡಿ. ಗಸ್ತಿನ ಮುಖ್ಯಸ್ಥೆ, ಅರವತ್ತೆಂಟು ವರ್ಷ, ಎರಡೂ ಮೊಣಕಾಲು ಬದಲಾಯಿಸಿಕೊಂಡವಳು. ಒಂದೊಂದು ಕುರ್ಚಿಗೆ ಇಬ್ಬಿಬ್ಬರ ಹೆಸರು ಕೂಗುತ್ತಿದ್ದಳು. ಹದಿನೇಳನೇ ಕುರ್ಚಿಗೆ ಟ್ರೀನಾ ಮತ್ತು ವೇಡ್ ಎಂದಳು.

ಸುತ್ತಲಿನ ಮಾತು ನಿಂತಿತು. ಲೈಲ್ ಮಾತ್ರ ಹಗ್ಗ ಸುತ್ತುತ್ತಾ, "ಬರ್ಡಿ, ಅವರಿಬ್ಬರನ್ನ ಒಂದೇ ಕುರ್ಚೀಲಿ ಕೂರಿಸಿದ್ರೆ ಒಬ್ಬರು ಹಗ್ಗ ಇಲ್ದೆ ಇಳೀತಾರೆ," ಅಂದ.

"ಹಾಗಾದ್ರೆ ನೀನು ಬೇಗ ಇಳಿಸೋದು ಕಲಿ," ಅಂದಳು ಬರ್ಡಿ.

ಕುರ್ಚಿ ಅವರನ್ನು ಎತ್ತಿಕೊಂಡು ಹೋಯಿತು. ನೆಲದಿಂದ ನಲವತ್ತು ಅಡಿ ಮೇಲೆ, ಎರಡು ಕಂಬಗಳ ನಡುವೆ, ಸಣ್ಣದೊಂದು ಜೋಲಿ ಹೊಡೆದು ನಿಂತಿತು. ಕೆಳಗೆ ಫರ್ ಮರಗಳ ತುದಿ. ದೂರದಲ್ಲಿ ಮೊದಲ ಕುರ್ಚಿಯವರನ್ನು ಇಳಿಸುತ್ತಿರುವ ಕೂಗು. ಇವರ ಸರದಿ ಬರಲು ಮುಕ್ಕಾಲು ಗಂಟೆ ಬೇಕು.

ಗಾಳಿ ಬೀಸಿದಾಗಲೆಲ್ಲ ಕುರ್ಚಿ ತೂಗುತ್ತಿತ್ತು. ವೇಡ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮುಚ್ಚಳ ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನೇ ಕುಡಿದ. ನೆವಾಡಾದಲ್ಲಿ ಹಿಮವೇ ಬೀಳುವುದಿಲ್ಲವಾ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅವನು ಗಣಿಯ ಬಗ್ಗೆ ತಾನಾಗಿಯೇ ಸ್ವಲ್ಪ ಹೇಳಿದ: ಮನೆಯಷ್ಟು ದೊಡ್ಡ ಲಾರಿ, ಒಂದೇ ಗುಂಡಿಯ ಸುತ್ತ ಹನ್ನೆರಡು ಗಂಟೆ ಇಳಿಯುವುದು ಹತ್ತುವುದು. ಯಾರ ಹತ್ತಿರವೂ ಮಾತಾಡಬೇಕಾಗಿರಲಿಲ್ಲ, ಅದೊಂದು ಚೆನ್ನಾಗಿತ್ತು ಅಂದ.

ಅವಳಿಗೆ ಸಾಕಾಯಿತು.

"ನಿಂಗೆ ಏನು ಬೇಕು ವೇಡ್? ನಾನು ಥ್ಯಾಂಕ್ಸ್ ಹೇಳ್ಬೇಕಾ?"

"ಯಾತಕ್ಕೆ?"

ಅವಳು ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಅದರಲ್ಲಿ ನಾಟಕ ಇರಲಿಲ್ಲ. ಅವನಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಿರಲಿಲ್ಲ.

"ಮಧ್ಯಾಹ್ನ ಹೇಳೋದನ್ನ ನಿಂಗೆ ಮೊದಲು ಹೇಳಿಬಿಡ್ತೀನಿ," ಅಂದ ಅವನು. ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ. "ಆವತ್ತು ಗಾಳಿ ಜಾಸ್ತಿ ಆಗ್ತಿತ್ತು. ಎಲ್ಲರಿಗೂ ಮನೆಗೆ ಹೋಗೋ ಆತುರ. ಹಲಗೇಲಿ ಇನ್ನೂ ಐದು ಕೆಂಪಿತ್ತು. ಬೆಂಚಿನ ಮೇಲೆ ಕೂತು ಬೂಟು ಬಿಚ್ಚೋರು ಇದ್ರು. ಎಣಿಸ್ದೆ, ಐದು ಅನ್ನಿಸ್ತು. ಐದನ್ನೂ ಒಟ್ಟಿಗೆ ತಿರುಗಿಸಿಬಿಟ್ಟೆ. ಹೆಸರು ಓದಲಿಲ್ಲ."

ಟ್ರೀನಾ ಕುರ್ಚಿಯ ಸರಳು ಹಿಡಿದುಕೊಂಡಳು.

"ಬೆಂಚಿನ ಮೇಲೆ ಐದು ಜನ ಇದ್ರಾ ನಾಲ್ಕಾ... ಈಗಲೂ ಆಣೆ ಮಾಡಿ ಹೇಳಕ್ಕಾಗಲ್ಲ. ನಾಲ್ಕೇ ಇರಬೇಕು. ಅಲ್ಲಿ ಮಲಗಿದಾಗೆಲ್ಲ ಆ ಐದು ಬಿಲ್ಲೆನ ಒಂದೊಂದಾಗಿ ತಿರುಗಿಸಿ ನೋಡ್ತೀನಿ. ಒಂದರ ಮೇಲೆ ಅವನ ಹೆಸರು ಇರುತ್ತೆ. ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ಅಕ್ಷರದೊಳಗಿನ ಕೊಳೆ ಕೂಡ."

"ನೀನು ನಿಜವಾಗ್ಲೂ..." ಅಂದಳು ಟ್ರೀನಾ.



'ಇವನಿಗೆ ಗೊತ್ತಿಲ್ಲ. ಇವನು ನನ್ನ ಉಳಿಸಲಿಲ್ಲ. ತಾನೇ ತಿರುಗಿಸಿದೆ ಅಂತ ಇವನು ನಂಬಿದ್ದಾನೆ. ಮೂರು ವರ್ಷ ಇವನು ಇದನ್ನ ನಂಬಿಕೊಂಡು ಬದುಕಿದ್ದಾನೆ... ನಾನು ಇವನನ್ನ ಹಾಗೇ ಬಿಟ್ಟುಬಿಟ್ಟಿದ್ದೆ.'

ಹಗ್ಗದ ತುದಿ ತಂತಿಯ ಮೇಲಿಂದ ಹಾರಿ ಇಬ್ಬರ ನಡುವೆ ಬಿತ್ತು. ಕೆಳಗಿನಿಂದ ಲೈಲ್, "ಏಯ್, ಜಗಳ ಮುಗೀತಾ? ಮೊದಲು ಯಾರನ್ನ ಇಳಿಸ್ಲಿ?" ಎಂದು ಕೂಗಿದ.

ವೇಡ್ ಹಗ್ಗದ ತುದಿಗಿದ್ದ ಬಟ್ಟೆಯ ಪಟ್ಟಿಯನ್ನು ಅವಳ ತೋಳುಗಳ ಕೆಳಗೆ ಹಾಯಿಸಿ ಬಿಗಿದ. ಕೊಂಡಿಯನ್ನು ಎರಡು ಸಲ ಎಳೆದು ನೋಡಿದ. ಆಮೇಲೆ ಮೂರನೇ ಸಲ ಎಳೆದು ನೋಡಿದ. ಅಗತ್ಯಕ್ಕಿಂತ ಹೆಚ್ಚಾಗಿ ಅವಳನ್ನು ಮುಟ್ಟಲಿಲ್ಲ.

"ಕೆಳಗೆ ನೋಡ್ಬೇಡ," ಅಂದ. ಅವಳು ಈ ಬೆಟ್ಟದಲ್ಲೇ ಹುಟ್ಟಿ ಬೆಳೆದವಳೆಂದು ಗೊತ್ತಿದ್ದೂ ಅಂದ.

ಅವಳು ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಾ ಇಳಿದಳು. ನೆಲ ಮುಟ್ಟಿದಾಗ ಈಗ ಏನಾದರೂ ಆಗುತ್ತದೆ ಎಂದು ಕಾದಳು. ಅಳು, ವಾಂತಿ, ಏನಾದರೂ. ಆಗಲಿಲ್ಲ. ಗೊತ್ತಾದ ವಿಷಯ ಮಾತ್ರ ತಲೆಯೊಳಗೆ ಕಲ್ಲಿನ ಹಾಗೆ ಕೂತಿತ್ತು.

*

ಊಟಕ್ಕೆ ಲೈಲ್ ಮಾಡಿದ ಚಿಲಿ. ಕಾಳು, ಟೊಮೆಟೊ, ಎಲ್ಕ್ ಮಾಂಸ. ಮೊಂಟಾನಾದಲ್ಲಿ ರಸ್ತೆಯಲ್ಲಿ ಸತ್ತ ಎಲ್ಕನ್ನು ಚೀಟಿ ಬರೆಸಿಕೊಂಡು ಮನೆಗೆ ಒಯ್ಯಬಹುದು. ಲೈಲ್ ಒಯ್ದಿದ್ದ. "ಟ್ರೀನಾ ಗುದ್ದಿದ್ದು, ನಾನು ಬೇಯಿಸಿದ್ದು, ಯಾರೂ ಹೆಸರಿಡೋ ಹಾಗಿಲ್ಲ," ಎಂದು ಬಡಿಸುತ್ತಿದ್ದ. ಜನ ನಕ್ಕರು. ಅವಳು ಮೂರು ಚಮಚ ತಿಂದಳು. ರುಚಿ ಗೊತ್ತಾಗಲಿಲ್ಲ.

ಊರಿನವರು ಹೋದ ಮೇಲೆ ಗಸ್ತಿನ ಹತ್ತು ಜನ ಉಳಿದರು, ಜೊತೆಗೆ ವೇಡ್ ಮತ್ತು ಟ್ರೀನಾ. ಬರ್ಡಿ ಸೌಟಿನಿಂದ ಪಾತ್ರೆಗೆ ಬಡಿದಳು. ಪದ್ಧತಿ ಎಲ್ಲರಿಗೂ ಗೊತ್ತಿತ್ತು. ತಪ್ಪು ಮಾಡಿ ಹೋದವನು ವಾಪಸ್ ಬರಬೇಕೆಂದರೆ ಅದನ್ನು ತನ್ನ ಬಾಯಿಂದ ಪೂರ್ತಿ ಹೇಳಬೇಕು. ನಡುವೆ ಯಾರೂ ಮಾತಾಡಬಾರದು. ಆಮೇಲೆ ಎಲ್ಲ ಕೈಗಳೂ ಮೇಲೆ ಹೋಗಬೇಕು. ಒಂದು ಕೆಳಗಿದ್ದರೂ ಇಲ್ಲ.

ವೇಡ್ ಎದ್ದು ನಿಂತು ಹೇಳಿದ. ಕುರ್ಚಿಯಲ್ಲಿ ಹೇಳಿದ್ದನ್ನೇ, ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ. ಯಾರನ್ನೂ ಕ್ಷಮೆ ಕೇಳಲಿಲ್ಲ. ಕೊನೆಗೆ, "ಅಷ್ಟೇ," ಎಂದು ಕೂತ.

ಬರ್ಡಿ ಕೈ ಎತ್ತಿದಳು. ಲೈಲ್ ಎತ್ತಿದ. ಒಂದೊಂದಾಗಿ ಎಲ್ಲ ಕೈ ಮೇಲೆ ಹೋದವು. ಎಲ್ಲರ ಕಣ್ಣೂ ಟ್ರೀನಾ ಕಡೆ ತಿರುಗಿತು.

ಎಷ್ಟು ಸುಲಭವಿತ್ತು!

ಕೈ ಎತ್ತಿದರೆ ಸಾಕು. ವೇಡ್‌ಗೆ ಕೆಲಸ ಸಿಗುತ್ತದೆ. ಅಣ್ಣನನ್ನು ಕೊಂದವನನ್ನು ಕ್ಷಮಿಸಿದಳು ಎಂದು ಊರು ಅವಳನ್ನು ಹೊಗಳುತ್ತದೆ. ವೇಡ್ ಬಹುಶಃ ಮತ್ತೆ ಹರಿತವಾದ ಸ್ಕೀ ಹಿಡಿದುಕೊಂಡು ಅಂಗಡಿಗೆ ಬರುತ್ತಾನೆ. ಅವಳು ಅವನ ಕೃತಜ್ಞತೆಯನ್ನು ಜೀವಮಾನವಿಡೀ ತಿನ್ನಬಹುದು. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದವನು ಎಂದು ಅವಳು ಅಂದುಕೊಂಡಿದ್ದ ಒಬ್ಬನಿಗೂ ಗೊತ್ತಿರಲಿಲ್ಲ.

ಅವಳ ಕೈ ಮೇಜಿನ ಮೇಲೆಯೇ ಇತ್ತು.

"ನಾನು ಎತ್ತಲ್ಲ," ಅಂದಳು.

ವೇಡ್ ತಲೆಯಾಡಿಸಿದ. ನಿರೀಕ್ಷಿಸಿದ್ದವನ ಹಾಗೆ. ಜಾಕೆಟ್ಟಿಗೆ ಕೈ ಹಾಕಿದ.

"ಅವನು ಮಾಡದೇ ಇರೋದನ್ನ ನಾನು ಹೇಗೆ ಕ್ಷಮಿಸ್ಲಿ? ಆಂಡರ್ಸ್ ಬಿಲ್ಲೆ ತಿರುಗಿಸಿದ್ದು ನಾನು."

ಯಾರೋ ಬಟ್ಟಲಿಗೆ ಚಮಚ ಇಟ್ಟ ಸದ್ದು.

ಅವಳ ದನಿ ಏರಲಿಲ್ಲ, ನಡುಗಲಿಲ್ಲ. ಅಂಗಡಿಯಲ್ಲಿ ಸ್ಕೀ ಉದ್ದ ಹೇಳುವಾಗಿನ ದನಿ. "ನಾಲ್ಕೂವರೆಗೆ. ವೇಡ್ ಹಲಗೆ ಹತ್ರ ಬರೋಕೆ ಮುಂಚೆ. ಪೈ ಮಾಡೋ ಕೆಲಸ ತಪ್ಪುತ್ತೆ ಅಂತ. ಆ ವರ್ಷ ಅದಕ್ಕೆ ಮುಂಚೆ ಒಂಬತ್ತು ಸಲ ತಿರುಗಿಸಿದ್ದೆ. ಒಂಬತ್ತು ಸಲಾನೂ ಅವನು ಒಳಗಡೆ ಇದ್ದ. ಹತ್ತನೇ ಸಲ ಲೈಲ್ ಸ್ಕೀ ನೋಡಿ ಅವನದು ಅಂದುಕೊಂಡೆ. ಮಾರನೇ ದಿನ ಕೇಳಿದಾಗ ನಾನು ಬಾಗಿಲ ಹತ್ರ ಇದ್ದೆ. ಹೇಳಲಿಲ್ಲ."

ವೇಡ್ ಎದ್ದ. ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ ಇಟ್ಟ. ಬಾಗಿಲು ತೆಗೆದು ಹೊರಗೆ ಹೋದ.

ಯಾರೂ ಬಂದು ತಬ್ಬಿಕೊಳ್ಳಲಿಲ್ಲ. ಲೈಲ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಮೂರು ವರ್ಷದಲ್ಲಿ ಅವಳನ್ನು ಯಾರೂ ಪಾಪ ಅನ್ನದ ಮೊದಲ ಮಧ್ಯಾಹ್ನ ಅದು. ಅವಳಿಗೆ ಉಸಿರಾಡುವುದು ಸ್ವಲ್ಪ ಹಗುರವಾಯಿತು.

"ಮೂರು ವರ್ಷ ನನ್ನ ಎದುರಿಗೆ ಕೂತು ಕಾಫಿ ಕುಡಿದಿದ್ದೀಯ," ಅಂದಳು ಬರ್ಡಿ.

"ಹೌದು."

"ನಿಮ್ಮಮ್ಮನಿಗೆ ಗೊತ್ತಾ?"

"ಇಲ್ಲ. ಇವತ್ತು ಹೇಳ್ತೀನಿ."

ಬರ್ಡಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ನಿನ್ನ ಹತ್ರ ನಮ್ಮ ಮಾತು ಇನ್ನೂ ಇದೆ. ಸಣ್ಣ ಮಾತಲ್ಲ. ಆದ್ರೆ ಮೊದಲು ಅವನ ಹತ್ರ ಹೋಗು. ಎದ್ದೇಳು."

*

ವೇಡ್ ಇಳಿಜಾರಿನಲ್ಲಿ ನಡೆದು ಮೇಲೆ ಹೋಗುತ್ತಿದ್ದ. ಮೊಣಕಾಲುದ್ದದ ಹಿಮ. ಟ್ರೀನಾ ಅವನ ಹೆಜ್ಜೆ ಗುರುತಿನಲ್ಲೇ ಹೆಜ್ಜೆಯಿಡುತ್ತಾ ಹತ್ತಿದಳು. ಎರಡನೇ ಕಂಬದ ಹತ್ತಿರ ಅವನು ನಿಂತ. ಅವಳು ಬರುವುದು ಗೊತ್ತಿತ್ತು. ತಿರುಗಲಿಲ್ಲ.

"ನಂಗೆ ಗೊತ್ತಿತ್ತು ಅಂದುಕೊಂಡಿದ್ಯಾ?"

"ಹೂಂ."

"ನಿನ್ನ ಉಳಿಸಕ್ಕೆ ಸುಳ್ಳು ಹೇಳ್ದೆ ಅಂತ."

"ಹೂಂ."

ಅವನು ತಿರುಗಿದ. ಅವನ ಮುಖ ಬಿಳಿಚಿಕೊಂಡಿತ್ತು. ಸಿಟ್ಟೋ ಚಳಿಯೋ ಹೇಳುವಂತಿರಲಿಲ್ಲ. ನಗಲು ಹೋದ, ಆಗಲಿಲ್ಲ. "ಅಷ್ಟು ಒಳ್ಳೆಯವನಲ್ಲ ಟ್ರೀನಾ ನಾನು. ಗೊತ್ತಿದ್ದಿದ್ರೆ ಹೇಳಿಬಿಡ್ತಿದ್ದೆ ಅನ್ಸುತ್ತೆ."

"ಹೇಳಿದ್ರೆ ಚೆನ್ನಾಗಿತ್ತು."

ಗಾಳಿ ಹಿಮದ ಮೇಲ್ಪದರವನ್ನು ಕೆರೆದು ಇಬ್ಬರ ಕಾಲ ಮೇಲೆ ಎರಚಿತು. ಅವಳು ಹೇಳಲು ಬಂದದ್ದನ್ನು ಹೇಳಿದಳು.

"ಬೆಂಚಿನ ಮೇಲೆ ಐದು ಜನ ಇದ್ರು, ವೇಡ್. ನಾನು ನೋಡಿದ್ದೀನಿ. ಹೆಸರು ಬೇಕಾದ್ರೂ ಹೇಳ್ತೀನಿ. ನೀನು ಸರಿಯಾಗೇ ಎಣಿಸಿದ್ದೆ."

ಅವನು ಹಿಮದ ಮೇಲೆ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅವಳು ಅವನ ಪಕ್ಕದಲ್ಲಿ ಕೂತಳು, ಒಂದು ಅಡಿ ಬಿಟ್ಟು. ಅವನನ್ನು ಮುಟ್ಟಲು ತನಗೆ ಹಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಟ್ಟಬೇಕು ಎಂದು ಅನ್ನಿಸಿತು. ಅನ್ನಿಸಿದ್ದು ತನಗೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವನು ಮುಖ ಒರೆಸಿಕೊಂಡು ಕೇಳಿದ, "ಗೊತ್ತಿದೆ ಅಂತ ಯಾಕೆ ಅಂದುಕೊಂಡೆ?"

"ನಾನು ಬಿಲ್ಲೆ ತಿರುಗಿಸ್ತಿದ್ದಾಗ ನೀನು ನನ್ನ ನೋಡಿ ನಕ್ಕೆ."

ಅವನು ನೆನಪಿಸಿಕೊಳ್ಳಲು ನೋಡಿದ.

"ನಿನ್ನ ನೋಡಿ ನಕ್ಕೆ. ಅಷ್ಟೇ," ಅಂದ. "ಆಗ ನೀನು ಒಳಗೆ ಬಂದ್ರೆ ಸಾಕು, ನಗು ಬರ್ತಿತ್ತು ನಂಗೆ. ಮುಖ ಬಿಟ್ಟು ನಿನ್ನ ಕೈ ಏನು ಮಾಡ್ತಿದೆ ಅಂತ ಯಾರು ನೋಡ್ತಾರೆ?"

ಟ್ರೀನಾ ಬಾಯಿಂದ ಒಂದು ಸದ್ದು ಬಂತು. ಅಳುವಿನ ಸದ್ದಲ್ಲ. ಎಡವಿದವರು ಮಾಡುವಂಥ ಸದ್ದು.

ಕೆಳಗೆ ಕೋಣೆಯ ಬಾಗಿಲು ತೆರೆಯಿತು. ಬರ್ಡಿ ಹೊರಗೆ ಬಂದು, ಎರಡೂ ಕೈ ಬಾಯಿಗೆ ಹಿಡಿದು, ಸೋಮವಾರ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಬರಬೇಕೆಂದು ವೇಡ್‌ಗೆ ಕೂಗಿ ಹೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

"ನಿನ್ನ ಮೇಲೆ ಸಿಟ್ಟಿದೆ," ಅಂದ ವೇಡ್.

"ಇರಲಿ."

"ಬೇಗ ಹೋಗಲ್ಲ ಅದು."

"ಹೋಗೋ ತನಕ ಇಲ್ಲೇ ಇರ್ತೀಯಾ?"

ಅವನು ಕೈಗವಸು ಬಿಚ್ಚಿದ. ಅವಳ ಕೈಯನ್ನು ತೆಗೆದುಕೊಂಡು, ಇದೇ ಮೊದಲ ಸಲ ನೋಡುತ್ತಿರುವವನ ಹಾಗೆ ತಿರುಗಿಸಿ ನೋಡಿದ. ಬಿಡಲಿಲ್ಲ.

"ಇರ್ತೀನಿ," ಅಂದ. "ಆಮೇಲೂ."

ಅಷ್ಟು ಹೊತ್ತಿಗೆ ಕಳೆದುಹೋಗಿದ್ದದ್ದು ಇಷ್ಟು. ಒಬ್ಬ ಮನುಷ್ಯ, ಆಂಡರ್ಸ್, ಮೂವತ್ತು ವರ್ಷದವನು. ವೇಡ್‌ನ ಮೂರು ಚಳಿಗಾಲ, ಟ್ರೀನಾಳ ಮೂರು ಚಳಿಗಾಲ. ಕೂಡಿದರೆ ಆರು.